ವಾಪಸಮ್ಮನವರು

ಸೋಮವಾರ ಬೆಳಿಗ್ಗೆ ಹತ್ತರೊಳಗೆ ನನ್ನ ಹೆಂಡತಿಯ ಫೋನಿಗೆ ‘ಮೇಡಂ’ ಎಂದು ಶುರುವಾಗುವ ಮೆಸೇಜು ಬಂತೆಂದರೆ ಮುಂದಿನದನ್ನು ನಾನು ಓದದೆಯೇ ಹೇಳಬಲ್ಲೆ. ಭಾನುವಾರ ಎಲ್ಲೋ ಒಂದು ಮದುವೆ ಸಾಂಗವಾಗಿ ನೆರವೇರಿದೆ. ಚಿರೋಟಿಯ ಮೇಲೆ ಬಾದಾಮಿ ಹಾಲು ಧಾರಾಳವಾಗಿ ಬಿದ್ದಿದೆ. ನಮ್ಮದೊಂದು ಸೀರೆ ವಾಪಸು ಹೊರಟಿದೆ.

ಮೂವತ್ತೆರಡು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನ ಹಿಂದೆ ಕೂತವನು ನಾನು. ‘ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ’ ಎಂಬ ಬೋರ್ಡು ನನ್ನ ತಲೆಯ ಮೇಲೆ ತೂಗುತ್ತಿತ್ತು. ಅದರ ನೆರಳಿನಲ್ಲಿ ಬಹಳ ಸುಖವಾಗಿದ್ದೆ. ಬಾಗಿಲ ತನಕ ಹೋಗಿ ತಿರುಗಿ ಬಂದು ‘ಸಾರ್, ಒಂದು ನೂರು ಕಮ್ಮಿ ಇದೆ’ ಅಂದವರಿಗೆ ತಲೆ ಎತ್ತದೆ ಪೆನ್ನಿನ ತುದಿಯಿಂದ ಬೋರ್ಡು ತೋರಿಸುತ್ತಿದ್ದೆ. ಅಂಥ ನನ್ನನ್ನು ವಿಧಿ ಈಗ ಪ್ಯಾಕಿಂಗ್ ವಿಭಾಗಕ್ಕೆ ವರ್ಗ ಮಾಡಿದೆ. ನಾನು ನಿವೃತ್ತನಾದ ವರ್ಷವೇ ನನ್ನವಳು ಮೈಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಕೂತು ಫೋನಿನಲ್ಲೇ ರೇಷ್ಮೆ ಸೀರೆ ಮಾರಲು ತೊಡಗಿದಳು. ಮೊಳಕಾಲ್ಮೂರಿನ ಇಬ್ಬರು ನೇಕಾರರ ಮನೆಯಿಂದ ಮಾಲು ಬರುತ್ತದೆ. ಆಯ್ಕೆ ಅವಳದು, ಫೋಟೋ ಅವಳದು, ಲೆಕ್ಕ ಅವಳದು. ಡಬ್ಬ, ದಾರ, ಅಂಟುಪಟ್ಟಿ ನನ್ನದು. ಸಂಬಳ ಇಲ್ಲ, ಊಟ ಉಂಟು.

ಶುರುವಿನಲ್ಲೇ ನಾನೊಂದು ಸಲಹೆ ಕೊಟ್ಟಿದ್ದೆ: ಹಳೇ ಅಂಗಡಿಗಳಲ್ಲಿ ಇರುವಂತೆ ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಅಂತ ಹಾಕಿಬಿಡು, ತಲೆನೋವು ತಪ್ಪುತ್ತದೆ.

‘ರೀ, 2020ರಲ್ಲೇ ಇ-ಕಾಮರ್ಸ್ ನಿಯಮ ಬಂದಿದೆ. ಮಾಲಲ್ಲಿ ದೋಷ ಇದ್ರೆ, ನಾವು ತೋರಿಸಿದ್ದೊಂದು ಕಳಿಸಿದ್ದೊಂದು ಆದ್ರೆ, ವಾಪಸ್ ತಗೊಳಲ್ಲ ಅನ್ನೋ ಹಾಗಿಲ್ಲ’ ಅಂದಳು. ಬ್ಯಾಂಕಿನಲ್ಲಿ ಕೆಲಸ ಮಾಡಿದ್ದು ನಾನು, ಸುತ್ತೋಲೆ ಓದುವವಳು ಅವಳು.

ಆ ನಿಯಮ ನ್ಯಾಯವಾದದ್ದೇ ಅನ್ನುವುದನ್ನು ಆಮೇಲೆ ನಾನೇ ಸಾಬೀತು ಮಾಡಿದೆ. ಎರಡು ಚೀಟಿ ಅದಲುಬದಲು ಮಾಡಿ ಶಿರಸಿಯ ಸೀರೆಯನ್ನು ಸಿಂಧನೂರಿಗೂ, ಸಿಂಧನೂರಿನದನ್ನು ಶಿರಸಿಗೂ ಕಳಿಸಿದೆ. ಇಬ್ಬರು ಹೆಣ್ಣುಮಕ್ಕಳೂ ಮಡಿಕೆ ಮುರಿಯದೆ ವಾಪಸು ಕಳಿಸಿಕೊಟ್ಟರು. ಸಿಂಧನೂರಿನವರಂತೂ ‘ಅಣ್ಣಾರಿಗೆ ಬೈಬ್ಯಾಡ್ರಿ’ ಅಂತ ನನ್ನ ಪರವಾಗಿ ಶಿಫಾರಸು ಬೇರೆ ಮಾಡಿದರು. ವಾಪಸು ಕಳಿಸುವವರಲ್ಲಿ ಬಹುಪಾಲು ಇಂಥವರೇ. ನಾನು ಹೇಳಹೊರಟಿರುವುದು ಉಳಿದವರ ವಿಚಾರ. ಅವರಿಗೆ ನಾನು ಗುಟ್ಟಾಗಿ ಇಟ್ಟಿರುವ ಹೆಸರು ವಾಪಸಮ್ಮ. ಗಂಡಸಾದರೆ ವಾಪಸಪ್ಪ.

ವಾಪಸಪ್ಪನದು ಒರಟು ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಒಬ್ಬಾತ ‘ಬೇಡ’ ಎಂದು ಖಾಲಿ ಡಬ್ಬ ವಾಪಸು ಕಳಿಸಿ, ಸೀರೆ ಅದರಲ್ಲೇ ಇದೆ ಎಂದು ವಾದಿಸಿದ. ಕೊರಿಯರ್ ಚೀಟಿ ಅವನನ್ನು ಹಿಡಿದುಕೊಟ್ಟಿತು. ಹೋಗುವಾಗ 780 ಗ್ರಾಂ ಇದ್ದದ್ದು ಬರುವಾಗ 190 ಗ್ರಾಂ ಆಗಿತ್ತು. ಇನ್ನೊಬ್ಬ ತಾನು ಮಿಲಿಟರಿಯಲ್ಲಿರುವುದಾಗಿಯೂ ಹೆಂಡತಿಗೆ ಸೀರೆ ಹಿಡಿಸದ್ದರಿಂದ ದುಡ್ಡು ವಾಪಸು ಬೇಕಾಗಿಯೂ ಹೇಳಿ, ತಾನು ಸೀರೆಯನ್ನೇ ಕೊಂಡಿಲ್ಲವೆಂಬ ಸಣ್ಣ ವಿಷಯವನ್ನು ನುಂಗಿಕೊಂಡು, ಒಂದು ಕ್ಯೂಆರ್ ಕೋಡ್ ಕಳಿಸಿದ. ‘ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಲೆಕ್ಕ ಸರಿಹೋಗುತ್ತೆ.’ ನನ್ನವಳು ‘ದುಡ್ಡು ಬರೋದಕ್ಕೆ ಯಾವತ್ತೂ ಪಿನ್ ಬೇಡಪ್ಪಾ. 1930ಕ್ಕೆ ಫೋನ್ ಹಚ್ಚಲಾ?’ ಅಂದಳು. ಅದು ಸೈಬರ್ ವಂಚನೆಯ ಸಹಾಯವಾಣಿ. ದೇಶಸೇವೆಯ ತುರ್ತು ಕರೆ ಬಂದಿರಬೇಕು, ಆತ ಮತ್ತೆ ಸಿಗಲಿಲ್ಲ.

ಮೂರನೆಯವನು ಸ್ವಲ್ಪ ಕಲಾವಿದ. ಹೋದದ್ದು ಅಪ್ಪಟ ಜರಿಯ ಕುಂಕುಮಗೆಂಪು, ಬಂದದ್ದು ಅದೇ ಬಣ್ಣದ, ಅದೇ ಅಗಲದ ಅಂಚಿನ, ಟೆಸ್ಟೆಡ್ ಜರಿಯ ಸೀರೆ. ನನ್ನ ಕಣ್ಣಿಗೆ ಎರಡೂ ಅವಳಿ ಜವಳಿ. ಇವಳು ಅಂಚಿನ ಹಿಂಬದಿಯ ಒಂದೆಳೆಯನ್ನು ಉಗುರಿನಿಂದ ಕೆರೆದಳು. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು. ಕೆರೆದರೆ ಒಳಗಿನ ರೇಷ್ಮೆ ಕಾಣಬೇಕು. ಇಲ್ಲಿ ತಾಮ್ರ ಹಲ್ಲುಕಿರಿಯಿತು. ಅವತ್ತಿನಿಂದ ಪ್ರತಿ ಸೀರೆಯ ಒಂದು ಮೂಲೆಯಲ್ಲಿ ಯಾರಿಗೂ ಕಾಣದಂತೆ ಮೂರು ಹೊಲಿಗೆ ಹಾಕಿ, ಅದರ ಫೋಟೋ ತೆಗೆದಿಟ್ಟುಕೊಂಡೇ ಕಳಿಸುತ್ತಾಳೆ. ನಮ್ಮೂರಲ್ಲಿ 1912ರಲ್ಲಿ ಶುರುವಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯವರು ಈಗ ಸೀರೆ ಸೀರೆಗೂ ಬೇರೆ ಬೇರೆ ಸಂಖ್ಯೆ ಕಸೂತಿ ಹಾಕುತ್ತಾರಲ್ಲ, ಅದೇ ಉಪಾಯ. ‘ಅವರದು ಸರ್ಕಾರದ ಕಾರ್ಖಾನೆ, ನಂದು ಸಂಸಾರದ ಕಾರ್ಖಾನೆ’ ಅನ್ನುತ್ತಾಳೆ. ಸೀರೆಯ ಜೊತೆ ಸಿಲ್ಕ್ ಮಾರ್ಕಿನ ಚೀಟಿಯೂ ಹೋಗುತ್ತದೆ. ಅದನ್ನು 2004ರಲ್ಲಿ ಜಾರಿಗೆ ತಂದದ್ದು ಕೇಂದ್ರ ರೇಷ್ಮೆ ಮಂಡಳಿ. ಹೌದು, ಬೆಂಗಳೂರಿನವರು ವಾಹನ ಸಿಕ್ಕಿಹಾಕಿಕೊಳ್ಳುವ ಜಾಗ ಎಂದಷ್ಟೇ ತಿಳಿದಿರುವ ಅದೇ ಸಿಲ್ಕ್ ಬೋರ್ಡ್.

ಕಳ್ಳತನ ಮಾಡುವವನನ್ನು ಕಳ್ಳ ಅಂದು ಸುಮ್ಮನಾಗಬಹುದು. ವಾಪಸಮ್ಮನವರ ವಿಷಯ ಹಾಗಲ್ಲ. ಅವರು ಕಳ್ಳರಲ್ಲ. ಸೀರೆಯನ್ನು ಕದಿಯುವುದಿಲ್ಲ, ಕೊಳ್ಳುವುದೂ ಇಲ್ಲ.

ಅವರನ್ನು ಮೊದಲೇ ಗುರುತಿಸುವುದು ಕಷ್ಟ. ಯಾಕೆಂದರೆ ಕೊಳ್ಳುವ ಮುಂಚೆ ಅವರಷ್ಟು ಅಕ್ಕರೆಯ ಗಿರಾಕಿ ಇನ್ನೊಬ್ಬರಿಲ್ಲ. ‘ಅಕ್ಕಾ, ಬಿಸಿಲಲ್ಲಿ ಹಿಡಿದು ಒಂದು ಫೋಟೋ ಹಾಕಿ. ಅಕ್ಕಾ, ನೆರಳಲ್ಲೊಂದು. ಅಕ್ಕಾ, ನೀವೇ ಹೆಗಲ ಮೇಲೆ ಹಾಕ್ಕೊಂಡು ತೋರಿಸ್ತೀರಾ?’ ಒಂದು ದಿನ ನನ್ನವಳು ಒಗ್ಗರಣೆಗೆ ನಿಂತಿದ್ದಳೆಂದು ಸೀರೆಯನ್ನು ನನ್ನ ಹೆಗಲ ಮೇಲೆ ಹೊದಿಸಿ ತೋರಿಸಬೇಕಾಯಿತು. ಆ ಸೀರೆ ಮಾತ್ರ ಇವತ್ತಿಗೂ ಖರ್ಚಾಗಿಲ್ಲ. ದುಡ್ಡು ಕೊಡುವ ತನಕ ‘ಅಕ್ಕ’. ಸೀರೆ ಕೈಸೇರಿದ ಮೇಲೆ ಮೌನ. ವಾಪಸು ಕಳಿಸುವಾಗ ‘ಮೇಡಂ’. ನಾವು ಒಂದೆರಡು ಪ್ರಶ್ನೆ ಕೇಳಿದರೆ ‘ನಿಮ್ಮಂಥವರು’. ನಮ್ಮ ನಂಟಿನ ಆಯಸ್ಸು ಈ ಮೂರು ಸಂಬೋಧನೆಗಳಲ್ಲಿ ಮುಗಿಯುತ್ತದೆ.

ಇದಕ್ಕೊಂದು ಕಾಲಮಾನವೂ ಇದೆ. ವೈಶಾಖದಲ್ಲಿ ಡಬ್ಬಗಳು ಬಂದು ಬಂದು ಬೀಳುತ್ತವೆ. ಆಷಾಢದಲ್ಲಿ ಒಂದೇ ಒಂದು ಸೀರೆ ವಾಪಸಾಗುವುದಿಲ್ಲ. ಶ್ರಾವಣ ಹುಟ್ಟಿತೋ, ಮತ್ತೆ ಬಣ್ಣಗಳೆಲ್ಲ ಫೋಟೋದಲ್ಲಿ ಇದ್ದ ಹಾಗೆ ಇರುವುದಿಲ್ಲ. ಧನುರ್ಮಾಸದಲ್ಲಿ ಪುನಃ ಎಲ್ಲವೂ ಹಿಡಿಸುತ್ತದೆ. ಸೀರೆಯ ದೋಷಕ್ಕೂ ಮದುವೆಯ ಮುಹೂರ್ತಕ್ಕೂ ಇರುವ ಈ ಸಂಬಂಧವನ್ನು ಪಂಚಾಂಗ ಬರೆಯುವವರು ಗಮನಿಸಬೇಕು.

ಈಗ ನಮ್ಮ ವಾಪಸಮ್ಮನ ಕಥೆ. ಉಳಿದವರ ಲಕ್ಷಣಗಳನ್ನು ನಾನು ಕಲಿತದ್ದು ಈಕೆಯಿಂದಲೇ.

ಎಲೆಹಸಿರು ಒಡಲು, ರಾಣಿ ಬಣ್ಣದ ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿ. ಬೆಲೆ ₹16,500. ನಲವತ್ತು ಮೆಸೇಜುಗಳ ನಂತರ ಕೊಂಡರು. ನಾನು ಎಂದಿನಂತೆ ಪ್ಯಾಕ್ ಮಾಡುವುದನ್ನು ಫೋನಿನಲ್ಲಿ ವಿಡಿಯೋ ಮಾಡಿದೆ. (ಅದರಲ್ಲಿ ಅರ್ಧಭಾಗ ನನ್ನ ಹೆಬ್ಬೆರಳು ಇದೆ ಎಂಬ ಆಕ್ಷೇಪಣೆ ಆಮೇಲೆ ಬಂತು.) ಬುಧವಾರ ಸೀರೆ ತಲುಪಿತು. ನಮ್ಮ ಷರತ್ತು ಇಷ್ಟು: ಚೀಟಿ ಬಿಚ್ಚಿರಬಾರದು, ಮೂರು ದಿನದೊಳಗೆ ತಿಳಿಸಬೇಕು. ಸರಿಯಾಗಿ ಮೂರನೇ ದಿನ ಮೆಸೇಜು ಬಂತು. ‘ಅಕ್ಕಾ, ನಾನು ಊರಲ್ಲಿಲ್ಲ. ಡಬ್ಬ ಇನ್ನೂ ತೆಗೆದೇ ಇಲ್ಲ. ನೋಡಿ ಹೇಳ್ತೀನಿ.’ ಎಷ್ಟು ಮುಂದಾಲೋಚನೆ ನೋಡಿ! ಹನ್ನೆರಡನೇ ದಿನ, ಸೋಮವಾರ: ‘ಮೇಡಂ, ಈಗ ತೆಗೆದು ನೋಡಿದೆ. ಬಣ್ಣ ಫೋಟೋದಲ್ಲಿ ಇದ್ದ ಹಾಗಿಲ್ಲ.’

‘ಕಳಿಸಿಕೊಡಿ. ಸೀರೆ ಬಂದು, ನಾನು ನೋಡಿ, ಆಮೇಲೆ ದುಡ್ಡು’ ಎಂದಳು ಇವಳು.

ಸೀರೆ ಬಂತು. ಕಿಟಕಿಯ ಬೆಳಕು ಬೀಳುವಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳಿ ಪಂಚೆ ಹಾಸಿ, ಇವಳು ಡಬ್ಬ ಬಿಚ್ಚಲು ಕೂತಳು. ನಾನು ಈ ಸಲ ಹೆಬ್ಬೆರಳು ಮಡಿಸಿಕೊಂಡು ವಿಡಿಯೋಗೆ ನಿಂತೆ. ಹರಿದ ನೋಟು, ಅಂಟಿಸಿದ ನೋಟು, ಎರಡು ನೋಟಿನ ತುಂಡು ಸೇರಿಸಿ ಒಂದು ಮಾಡಿದ ನೋಟು, ಇವನ್ನೆಲ್ಲ ಬೆರಳ ತುದಿಯಲ್ಲೇ ಹಿಡಿಯುತ್ತಿದ್ದವನು ನಾನು. ಆದರೆ ಅವತ್ತು ನನ್ನವಳು ತೋರಿಸಿದ ಕೈಚಳಕದ ಮುಂದೆ ನನ್ನದೆಲ್ಲ ಬಾಲಲೀಲೆ.

ಮೊದಲು ಮೂಸಿದಳು. ‘ಮಲ್ಲಿಗೆ. ದುಂಡು ಮಲ್ಲಿಗೆ. ಹೋಮದ ಹೊಗೆಯೂ ಇದೆ.’ ಆಮೇಲೆ ಕೆಳಗಿನ ಅಂಚನ್ನು ಬೆಳಕಿಗೆ ಹಿಡಿದಳು. ಉದ್ದಕ್ಕೂ ಸಾಲಾಗಿ ಸೂಜಿಯ ತೂತು, ಫಾಲ್ ಹಚ್ಚಿ ಬಿಚ್ಚಿದ್ದು. ಹೆಗಲ ಜಾಗದಲ್ಲಿ ಪಿನ್ನಿನ ಗುರುತು ಎರಡು. ಸೆರಗಿನ ತುದಿಯ ಎಳೆಗಳನ್ನು ಬೆರಳಲ್ಲಿ ಅಳೆದು, ‘ಕುಚ್ಚು ಕಟ್ಸಿದ್ದಾರೆ ಕಣ್ರೀ, ಬಿಚ್ಚಿ ಸಮ ಕತ್ತರಿಸಿದ್ದಾರೆ. ಒಂದಿಂಚು ಕಮ್ಮಿ’ ಅಂದಳು. ಕೊನೆಗೆ ನಿರಿಗೆಯ ಭಾಗ ಕೊಡವಿದಾಗ ಬಿಳಿ ಪಂಚೆಯ ಮೇಲೆ ಟಪಟಪ ಮೂರು ಅಕ್ಷತೆ ಕಾಳು ಬಿದ್ದವು.

ಆದರೆ ಚೀಟಿ? ಚೀಟಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ದಾರದ ಗಂಟು ಕೂಡ ನಾನೇ ಹಾಕಿದ್ದು. ನನಗೆ ತಲೆ ತಿರುಗಿತು. ಇವಳು ಒಂದು ಕ್ಷಣ ಯೋಚಿಸಿ ಹಣೆ ಚಚ್ಚಿಕೊಂಡಳು. ‘ಚೀಟಿ ಕಟ್ಟಿದ್ದು ಯಾವ ಕಡೆಗೆ?’ ನಾನು ಕಟ್ಟಿದ್ದು ಸೆರಗಿನ ಕಡೆಗಲ್ಲ, ಸೊಂಟಕ್ಕೆ ಸಿಕ್ಕಿಸುವ ಕಡೆಗೆ. ಮದುವೆಯುದ್ದಕ್ಕೂ ನನ್ನ ಚೀಟಿ ಆಕೆಯ ಸೊಂಟದ ಒಳಗೆ ಬೆಚ್ಚಗೆ ಕೂತು ಬಂದಿತ್ತು. ಮೂವತ್ತೇಳು ವರ್ಷ ಹೆಂಡತಿ ಸೀರೆ ಉಡುವುದನ್ನು ನೋಡಿಯೂ ಸೀರೆಯ ಯಾವ ತುದಿ ಎಲ್ಲಿ ಹೋಗುತ್ತದೆಂದು ತಿಳಿಯದ ಗಂಡಸು ಚೀಟಿ ಕಟ್ಟಿದರೆ ಹೀಗೇ ಆಗುವುದು. ಈಗ ಚೀಟಿಯನ್ನು ಸೆರಗಿನ ನಡುಮಧ್ಯಕ್ಕೆ ಕೆಂಪು ದಾರದಲ್ಲಿ ಕಟ್ಟುತ್ತೇವೆ. ಅದನ್ನು ಇಟ್ಟುಕೊಂಡೇ ಯಾರಾದರೂ ಧಾರೆಗೆ ನಿಂತರೆ ನಿಲ್ಲಲಿ.

ಇವಳು ಫೋನ್ ಮಾಡಿ ಮೆಲ್ಲಗೆ ಕೇಳಿದಳು. ಆ ಕಡೆಯ ಉತ್ತರಗಳನ್ನು ಕೇಳಿ ನನಗೆ ಭಕ್ತಿಯೇ ಹುಟ್ಟಿತು. ಅಕ್ಷತೆ ಯಾಕೆ ಇತ್ತು? ‘ಹೊಸ ಸೀರೆ ಅಲ್ವಾ ಮೇಡಂ, ದೇವರ ಮುಂದೆ ಇಟ್ಟು ಅಕ್ಷತೆ ಹಾಕಿದ್ವಿ.’ ಮಲ್ಲಿಗೆ? ‘ದೇವರ ಮನೇಲಿ ಹೂವಿರಲ್ವಾ?’ ಹೊಗೆ? ‘ಧೂಪ.’ ಸೂಜಿ ತೂತು? ‘ಅದನ್ನ ನಾವೇ ನಿಮ್ಮನ್ನ ಕೇಳ್ಬೇಕು. ಹಳೇ ಸೀರೆ ಕಳಿಸಿದ್ದೀರೇನೋ.’ ಒಂದೊಂದು ಉತ್ತರಕ್ಕೂ ಎದುರುತ್ತರವಿಲ್ಲ. ಡಬ್ಬ ತೆಗೆದೇ ಇರಲಿಲ್ಲ ಅಂದಿರಲ್ಲ ಎಂದು ನಾನು ಪಕ್ಕದಿಂದ ಪಿಸುಗುಟ್ಟಿದೆ. ಇವಳು ಕೈಸನ್ನೆಯಲ್ಲಿ ಸುಮ್ಮನಿರಿಸಿದಳು. ಕೊನೆಗೆ ‘ನಿಮ್ಮಂಥವರು’ ಬಂದೇ ಬಂತು, ಫೋನು ಇಟ್ಟರು.

ಆ ರಾತ್ರಿ ಊಟವಾದ ಮೇಲೆ ಇವಳು ಫೋನಿನಲ್ಲಿ ಪರಿಚಯಸ್ಥರ ಸ್ಟೇಟಸ್ಸುಗಳನ್ನು ಒಂದೊಂದಾಗಿ ಸರಿಸುತ್ತಿದ್ದವಳು ತಟ್ಟನೆ ನಿಂತಳು. ವಾಪಸಮ್ಮನವರು ನನ್ನವಳ ನಂಬರನ್ನು ಉಳಿಸಿಕೊಂಡಿದ್ದನ್ನೇ ಮರೆತಿದ್ದರು. ಮದುವೆಯ ಫೋಟೋಗಳು, ಎಂಟೋ ಒಂಬತ್ತೋ. ವಧುವಿನ ಪಕ್ಕದಲ್ಲಿ ಎಲೆಹಸಿರು ಸೀರೆ. ರವಿಕೆ ಮಾತ್ರ ಬೇರೆ, ರಾಣಿ ಬಣ್ಣದ್ದು. ಸೀರೆಯೊಡನೆ ಬಂದ ರವಿಕೆ ಕಣವನ್ನು ಕತ್ತರಿಸಿದರೆ ವಾಪಸು ಕೊಡುವಂತಿಲ್ಲ ಅನ್ನುವ ತಿಳಿವಳಿಕೆ. ಸೆರಗಿನ ತುದಿಯಲ್ಲಿ ಮುತ್ತು ಪೋಣಿಸಿದ ಕುಚ್ಚು.

ನಾನು ಕುಣಿದಾಡಿಬಿಟ್ಟೆ. ‘ಹಿಡಿ, ಸ್ಕ್ರೀನ್‌ಶಾಟ್ ಹಿಡಿ! ಈಗಲೇ ಕಳಿಸು. ಎಲ್ಲ ಗುಂಪಿಗೂ ಹಾಕು.’ ಪ್ಲಾಸ್ಟಿಕ್ ಚೀಲದಲ್ಲಿ ಸಾಕ್ಷ್ಯವಾಗಿ ಎತ್ತಿಟ್ಟಿದ್ದ ಮೂರು ಅಕ್ಷತೆ ಕಾಳನ್ನೂ ತಂದು ಮೇಜಿನ ಮೇಲಿಟ್ಟೆ.

ಅವಳು ಕುಣಿಯಲಿಲ್ಲ. ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. ‘ಎಷ್ಟು ಒಪ್ಪಿದೆ ನೋಡ್ರಿ ಅವಳಿಗೆ’ ಅಂದಳು. ಆಮೇಲೆ, ‘ಕತ್ತಲ್ಲಿ ಏನೂ ಇಲ್ಲ. ಕರಿಮಣಿ ಅಷ್ಟೇ. ಕೈಯಲ್ಲಿ ಗಾಜಿನ ಬಳೆ. ಪಕ್ಕದಲ್ಲಿ ನಿಂತಿರೋರ ಮೈಮೇಲೆ ನೋಡಿ.’

ನೋಡಿದೆ. ಪಕ್ಕದವರ ಮೈಮೇಲೆ ನಮ್ಮ ಹಳೇ ಬ್ರ್ಯಾಂಚಿನ ಲಾಕರಿನಷ್ಟು ಒಡವೆ ಇತ್ತು.

ನನಗೆ ನಮ್ಮಮ್ಮನ ಸೀರೆ ನೆನಪಾಯಿತು. ಅಮ್ಮನಿಗೆ ತೌರಿನವರು ಕೊಟ್ಟ ಒಂದೇ ಒಂದು ಜರಿ ಸೀರೆ ಇತ್ತು. ಅದು ಅಮ್ಮನಿಗಿಂತ ಹೆಚ್ಚು ಮದುವೆ ಕಂಡಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಿಂದ ಯಾರು ಮದುವೆಗೆ ಹೊರಟರೂ ಹಿಂದಿನ ಸಂಜೆ ಹಿತ್ತಲ ಬಾಗಿಲಿಗೆ ಬಂದು, ಸೀರೆಯ ಮಾತೊಂದು ಬಿಟ್ಟು ಮಿಕ್ಕದ್ದೆಲ್ಲ ಮಾತಾಡುತ್ತ ನಿಲ್ಲುತ್ತಿದ್ದರು. ಅಮ್ಮನೇ ‘ನನ್ನ ಸೀರೆ ಉಟ್ಕೊಂಡು ಹೋಗೇ’ ಅನ್ನಬೇಕು. ಅದು ಪದ್ಧತಿ. ಅಮ್ಮ ಮದುವೆಗೆ ಹೊರಟಾಗ ಮೂಲೆಮನೆಯವರ ಡಾಬು, ಶಾನುಭೋಗರ ಮನೆಯ ಅಡ್ಡಿಕೆ ಬರುತ್ತಿದ್ದವು. ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ತರುತ್ತಿದ್ದವನು ಹತ್ತು ವರ್ಷದ ನಾನು. ಆಗಲೂ ಕೊರಿಯರ್ ವಿಭಾಗವೇ!

ಆದರೆ ಆ ಸೀರೆ ವಾಪಸು ಬರುವಾಗ ಬರಿದಾಗಿ ಬರುತ್ತಿರಲಿಲ್ಲ. ಮಡಿಕೆಯ ಮೇಲೆ ಎಲೆ ಅಡಿಕೆ, ತೆಂಗಿನಕಾಯಿ, ಕಾಗದದಲ್ಲಿ ಕಟ್ಟಿದ ಬೂಂದಿ ಲಾಡು. ಒಮ್ಮೆ ಆರತಿಯ ಬತ್ತಿ ತಾಗಿ ಅಂಚಿನಲ್ಲಿ ಬೆರಳಗಲ ಸುಟ್ಟು ಬಂತು. ತಂದವರು ಅಡುಗೆಮನೆ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಅಮ್ಮ ಸೀರೆಯನ್ನು ತಿರುಗಿಸಿ ನೋಡಿ ‘ನಿರಿಗೆ ಒಳಗೆ ಹೋಗತ್ತೆ ಬಿಡು, ಕಾಣಲ್ಲ’ ಅಂದಳು. ಅವರು ಹೋದ ಮೇಲೆ ತಾನೂ ಅತ್ತಳು. ಆ ಸೀರೆ ಆಮೇಲೆಯೂ ಬೀದಿಯ ಮದುವೆಗಳಿಗೆಲ್ಲ ಹೋಗಿಬಂತು, ಸುಟ್ಟದ್ದನ್ನು ಒಳಗಿಟ್ಟುಕೊಂಡು.

ಈಗ ಮದುವೆಯ ಹಿಂದಿನ ಸಂಜೆ ಯಾರ ಹಿತ್ತಲ ಬಾಗಿಲಿಗೆ ಹೋಗುವುದು? ಅಪಾರ್ಟ್‌ಮೆಂಟಿಗೆ ಹಿತ್ತಲೇ ಇಲ್ಲ. ಎದುರುಮನೆಯವರ ಹೆಸರು ಗೊತ್ತಿದ್ದರೆ ಹೆಚ್ಚು.

‘ನಿಮ್ಮ ಕೋಟು ನೆನಪಿದೆಯಾ?’ ಎಂದಳು ಇವಳು, ನನ್ನ ಮನಸ್ಸು ಓದಿದವಳಂತೆ.

ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಇದೆ. ಅದರಲ್ಲಿ ನಾನು ಕಡುನೀಲಿ ಕೋಟಿನಲ್ಲಿ ಬಹಳ ಗತ್ತಿನಿಂದ ನಿಂತಿದ್ದೇನೆ. ಕೋಟು ನನ್ನ ಗೆಳೆಯನದು. ತೋಳು ಎರಡಿಂಚು ಉದ್ದವಾದ್ದರಿಂದ ಎಲ್ಲ ಫೋಟೋಗಳಲ್ಲೂ ಕೈಕಟ್ಟಿಕೊಂಡಿದ್ದೇನೆ. ಮರುದಿನವೇ ಅವನಿಗೆ ಇಂಟರ್‌ವ್ಯೂ ಇತ್ತು, ಬೀಗರೂಟದ ಪಂಕ್ತಿಯಲ್ಲೇ ಬಿಚ್ಚಿ ಕೊಟ್ಟೆ. ತೋಳಿಗೆ ಸಾರು ತಾಗಿತ್ತು. ‘ಮೊದಲೇ ಇತ್ತು’ ಅಂದೆ. ಅವನು ನಂಬಿದ. ಅಥವಾ ನಂಬಿದ ಹಾಗೆ ಮಾಡಿದ. ಕೆಲಸ ಅವನಿಗೆ ಸಿಗಲಿಲ್ಲ. ಸಾರಿನ ಕಲೆಗೂ ಅದಕ್ಕೂ ಸಂಬಂಧವಿಲ್ಲವೆಂದು ನಾನು ಇಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ಹಾಗಂತ ಹದಿನಾರೂವರೆ ಸಾವಿರ ಬಿಟ್ಟುಕೊಡಲು ನನ್ನವಳು ಧರ್ಮಛತ್ರ ನಡೆಸುತ್ತಿಲ್ಲ. ನೇಕಾರನಿಗೆ ದುಡ್ಡು ಕೊಟ್ಟಾಗಿದೆ. ತೂತು ಬಿದ್ದ ಸೀರೆಯನ್ನು ಹೊಸದೆಂದು ಇನ್ನೊಬ್ಬಳಿಗೆ ಮಾರಿದರೆ ಕಳ್ಳಿ ಇವಳೇ ಆಗುತ್ತಾಳೆ. ಅವಳು ಬಹಳ ಹೊತ್ತು ಯೋಚಿಸಿ ಆ ಸ್ಟೇಟಸ್ಸಿಗೇ ಒಂದು ಉತ್ತರ ಬರೆದಳು. ಬೈಗುಳವಿಲ್ಲ, ಸ್ಕ್ರೀನ್‌ಶಾಟ್ ಇಲ್ಲ.

‘ಸೀರೆ ನಿಮಗೆ ತುಂಬಾ ಒಪ್ಪಿದೆ. ಕುಚ್ಚು ಯಾರ ಹತ್ರ ಕಟ್ಟಿಸಿದ್ದು? ಚೆನ್ನಾಗಿದೆ.’

ನೀಲಿ ಗೆರೆ ಬಿತ್ತು. ಐದು ನಿಮಿಷದಲ್ಲಿ ಸ್ಟೇಟಸ್ಸುಗಳು ಒಂದೊಂದಾಗಿ ಮಾಯವಾದವು. ಎರಡು ದಿನ ಸದ್ದಿಲ್ಲ. ಮೂರನೇ ದಿನ ಬಂತು: ‘ಅಕ್ಕಾ, ನಮ್ಮನೆಯವರು ಸೀರೆ ಚೆನ್ನಾಗೇ ಇದೆ, ಇಟ್ಕೋ ಅಂತಿದ್ದಾರೆ. ಕೊರಿಯರ್ ದುಡ್ಡು ನಾನೇ ಹಾಕ್ತೀನಿ. ವಾಪಸ್ ಕಳಿಸ್ತೀರಾ?’

‘ಅಕ್ಕ’ ವಾಪಸು ಬಂದಿದ್ದಳು.

ನಾನೇ ಪ್ಯಾಕ್ ಮಾಡಿದೆ. ಇವಳು ಮಡಿಕೆಯೊಳಗೆ ಅರಿಶಿನ ಕುಂಕುಮದ ಪೊಟ್ಟಣ ಇಟ್ಟಳು. ಇದು ಅತಿಯಾಯಿತು ಎಂದು ನಾನು ಗೊಣಗಿದೆ. ನನ್ನ ಸಾಕ್ಷ್ಯದ ಮೂರು ಕಾಳು ಅಕ್ಷತೆಯನ್ನೂ ಎತ್ತಿ ಅದಕ್ಕೇ ಸೇರಿಸಿದಳು.

ಇದು ನಡೆದದ್ದು ವೈಶಾಖದಲ್ಲಿ. ಆಷಾಢ ನೆಮ್ಮದಿಯಾಗಿ ಕಳೆಯಿತು. ಶ್ರಾವಣದ ಮೊದಲ ವಾರ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಫೋನು ಟಿಣ್ ಎಂದಿತು.

‘ಅಕ್ಕಾ, ಹೇಗಿದ್ದೀರಾ? ಮುಂದಿನ ಭಾನುವಾರ ನಾದಿನಿ ಸೀಮಂತ. ನೀವು ಹಾಕಿದ್ರಲ್ಲಾ, ನೇರಳೆ ಬಣ್ಣದ್ದು, ಅದು ಇದೆಯಾ? ಗುರುವಾರದೊಳಗೆ ಬರಬೇಕಿತ್ತು.’

ನಾನು ಕಾಫಿ ಲೋಟ ಕೆಳಗಿಟ್ಟು, ಕೊಡಬೇಡ ಎಂಬರ್ಥದಲ್ಲಿ ಎರಡೂ ಕೈ ಆಡಿಸಿದೆ. ನನ್ನವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು.

‘ಇದೆಯಮ್ಮ. ಕ್ರಯಕ್ಕೆ ಬೇಕಾ, ಎರವಲಿಗೆ ಬೇಕಾ?’

ನೀಲಿ ಗೆರೆ ಬಿತ್ತು. ಆ ಕಡೆ ಟೈಪಿಂಗ್ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ನನ್ನ ಕಾಫಿ ಆರಿಹೋಯಿತು.